ಇಪ್ಪತ್ತೆರಡು ಗಜದ ಕಣ

ಕ್ರಿಕೆಟ್ಟನ್ನು ರೇಡಿಯೋದಲ್ಲಿ ಕೇಳುವವರಿಗೆ ಒಂದು ಕೊರತೆ ಇದ್ದೇ ಇದೆ. ಆಟಗಾರರ ಹೆಸರು ಕಿವಿಗೆ ಬೀಳುತ್ತದೆ. ಜನರ ಕೂಗು ಕೇಳುತ್ತದೆ. ಚೆಂಡು ಬ್ಯಾಟಿಗೆ ತಗುಲಿದ ಸದ್ದು ಕೂಡ ಕೆಲವು ವೇಳೆ ಕೇಳಿಸೀತು. ಆದರೆ ನೆಲಕ್ಕೆ ದನಿಯಿಲ್ಲ. ಬೆಳಿಗ್ಗೆ ವಿವರಣೆ ಪ್ರಾರಂಭವಾದಾಗ, "ಪಿಚ್ಚು ಒಣಗಿದಂತೆ ಕಾಣುತ್ತಿದೆ" ಎಂದೋ, "ಹುಲ್ಲಿನ ಹಸಿರು ಸ್ವಲ್ಪ ಇದೆ" ಎಂದೋ ಒಂದು ಮಾತು ಬರುತ್ತದೆ. ಅಷ್ಟರಲ್ಲಿ ನಾವು ಕಾಫಿಯ ಲೋಟಕ್ಕೆ ಕೈ ಚಾಚಿರುತ್ತೇವೆ. ಐದು ದಿನಗಳ ಆಟದ ಗುಟ್ಟೆಲ್ಲ ಆ ಒಂದು ಮಾತಿನಲ್ಲಿ ಅಡಗಿದ್ದಿತೆಂಬುದು ಎಷ್ಟೋ ವೇಳೆ ಆಟ ಮುಗಿದ ಮೇಲೆ ಹೊಳೆಯುತ್ತದೆ.

ಹಾಗೆ ಹೊಳೆದ ಒಂದು ಪಂದ್ಯ ನಮ್ಮ ಬೆಂಗಳೂರಿನಲ್ಲೇ ನಡೆಯಿತು. 1987ರ ಮಾರ್ಚ್ 13, ಶುಕ್ರವಾರ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನಗಳ ನಡುವೆ ಐದನೆಯ ಟೆಸ್ಟ್ ಪಂದ್ಯ ಪ್ರಾರಂಭವಾಯಿತು. ಅದು ಮುಗಿದಾಗ ಪಾಕಿಸ್ತಾನ 16 ರನ್ನುಗಳಿಂದ ಗೆದ್ದಿದ್ದಿತು. ಆ ದೇಶದ ಪಕ್ಷ ಭಾರತಕ್ಕೆ ಬಂದು ಟೆಸ್ಟ್ ಮಾಲೆಯೊಂದನ್ನು ಗೆದ್ದುದು ಅದೇ ಮೊದಲು. ಸುನಿಲ್ ಗವಾಸ್ಕರರ 96 ರನ್ನುಗಳ ಆಟವೆಂದೇ ಜನ ಅದನ್ನು ನೆನೆಯುತ್ತಾರೆ, ನೆನೆಯತಕ್ಕದ್ದೇ. ಆದರೆ ಆ ಪಂದ್ಯವನ್ನು ನಡೆಸಿದುದು ನೆಲ. ಆ ನೆಲವನ್ನು ಸಿದ್ಧಪಡಿಸಿದವರು ನಾವು, ಅದರ ಮರ್ಮವನ್ನು ಮೊದಲು ಅರಿತವರು ಅತಿಥಿಗಳು.

ಪಿಚ್ಚೆಂದರೇನು ಎಂಬುದನ್ನು ಮೊದಲು ನೋಡೋಣ. ಉದ್ದ 22 ಗಜ, ಅಗಲ 10 ಅಡಿ. ಜೇಡಿಮಣ್ಣಿನ ಒಂದು ಪಟ್ಟಿ. ನಮ್ಮ ಹಳ್ಳಿಗಳಲ್ಲಿ ಸುಗ್ಗಿಗೆ ಮುಂಚೆ ಕಣ ಮಾಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೆಲವನ್ನು ಕೆರೆದು, ನೀರು ಹಾಕಿ, ತುಳಿದು, ಗಟ್ಟಿಮಾಡಿ, ಸಾರಿಸಿ, ಒಣಗಲು ಬಿಡುತ್ತಾರೆ. ಪಿಚ್ಚಿಗೂ ಅದೇ ಕ್ರಮ. ಸಗಣಿಯ ಬದಲು ಹುಲ್ಲಿನ ಬೇರು ಮಣ್ಣನ್ನು ಹಿಡಿದಿಡುತ್ತದೆ, ಕಾಲ್ತುಳಿತದ ಬದಲು ಕಬ್ಬಿಣದ ರೋಲರು ಓಡಾಡುತ್ತದೆ. ದಿನಗಟ್ಟಲೆ ನೀರು ಕುಡಿಸಿ, ಹದವಾದಾಗ ಉರುಳೆ ಹೊಡೆದು, ಮತ್ತೆ ನೀರು, ಮತ್ತೆ ಉರುಳೆ, ಹೀಗೆ ಮಾಡಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಬೆಸೆದು ನೆಲ ಹಲಗೆಯಂತಾಗುತ್ತದೆ. ಅಂಥ ನೆಲದ ಮೇಲೆ ಬಿದ್ದ ಚೆಂಡು ಹೇಳಿದಂತೆ ಕೇಳುತ್ತದೆ. ಎಷ್ಟು ಎತ್ತರ ಏಳಬೇಕೋ ಅಷ್ಟೇ ಏಳುತ್ತದೆ. ದಾಂಡಿಗನಿಗೆ ಅದು ಹಬ್ಬ.

ನೀರನ್ನು ಬೇಗ ನಿಲ್ಲಿಸಿದರೆ, ಹುಲ್ಲನ್ನು ಬುಡಕ್ಕೆ ಕತ್ತರಿಸಿದರೆ, ಉರುಳೆಯ ಕೆಲಸ ಸಾಲದೆ ಹೋದರೆ ನೆಲ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಸಡಿಲ. ಬಿಸಿಲಿಗೆ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಬೌಲರುಗಳ ಬೂಟಿನ ಮೊಳೆಗಳು ಅಂಚನ್ನು ಕೀಳುತ್ತವೆ. ಚೆಂಡು ಬಿದ್ದಲ್ಲೆಲ್ಲ ಒಂದು ಚಿಟಿಕೆ ಧೂಳು ಏಳುತ್ತದೆ. ಸಡಿಲವಾದ ಮಣ್ಣು ತಿರುಗುವ ಚೆಂಡನ್ನು ಕಚ್ಚಿ ಹಿಡಿದು ಪಕ್ಕಕ್ಕೆ ಎಸೆಯುತ್ತದೆ. ಒಂದು ಚೆಂಡು ಮೊಣಕಾಲಿನ ಮಟ್ಟದಲ್ಲಿ ಜಾರಿದರೆ, ಅದೇ ಸ್ಥಳದ ಆಸುಪಾಸಿನಲ್ಲಿ ಬಿದ್ದ ಮುಂದಿನ ಚೆಂಡು ಎದೆಗೆ ನೆಗೆಯುತ್ತದೆ. ಟೆಸ್ಟ್ ಪಂದ್ಯದ ನಾಲ್ಕನೆಯ ಐದನೆಯ ದಿನಗಳಲ್ಲಿ ಇಂಥದು ಸಹಜ. ಬೆಂಗಳೂರಿನ ಆ ಪಿಚ್ಚು ಮೊದಲನೆಯ ದಿನವೇ ಈ ಅವಸ್ಥೆಯಲ್ಲಿದ್ದಿತು.

ಆ ಎರಡು ದೇಶಗಳ ಆಟದಲ್ಲಿ ನೆಲದ ಕೈವಾಡ ಹೊಸದಲ್ಲ. ಅದು ಮೊದಲ ಮಾಲೆಯಿಂದಲೇ ಬಂದದ್ದು. 1952ರ ಅಕ್ಟೋಬರಿನಲ್ಲಿ ಪಾಕಿಸ್ತಾನ ತನ್ನ ಮೊಟ್ಟಮೊದಲ ಟೆಸ್ಟನ್ನು ದೆಹಲಿಯಲ್ಲಿ ಆಡಿತು. ಫಿರೋಜ್ ಷಾ ಕೋಟ್ಲಾ ಮೈದಾನದ ಹುಲ್ಲುನೆಲದ ಪಿಚ್ಚಿನ ಮೇಲೆ ವಿನೂ ಮಂಕಡರು ಎರಡು ಸರದಿಗಳಲ್ಲಿ 131 ರನ್ನು ಕೊಟ್ಟು 13 ವಿಕೆಟ್ಟು ಕಿತ್ತರು. ಭಾರತ ಒಂದು ಸರದಿ ಮತ್ತು 70 ರನ್ನುಗಳಿಂದ ಗೆದ್ದಿತು. ಕೆಲವೇ ದಿನಗಳ ಮೇಲೆ ಎರಡನೆಯ ಟೆಸ್ಟು ಲಖನೌದಲ್ಲಿ, ವಿಶ್ವವಿದ್ಯಾನಿಲಯದ ಮೈದಾನದಲ್ಲಿ. ಅಲ್ಲಿ ಪಿಚ್ಚಿನ ಮೇಲೆ ಸೆಣಬಿನ ಚಾಪೆ ಹಾಸಿದ್ದರು. ಚಾಪೆಯ ಮೇಲೆ ಬಿದ್ದ ಚೆಂಡಿಗೆ ನೂಲಿನ ಹಿಡಿತ ಸಿಗುತ್ತದೆ. ತಿರುಚಿ ಎಸೆದರೆ ಚುರುಕಾಗಿ ಪಕ್ಕಕ್ಕೆ ಹೊರಳುತ್ತದೆ. ಫಜಲ್ ಮಹಮೂದರ ಆಟಕ್ಕೆ ಹೇಳಿಮಾಡಿಸಿದ ನೆಲ ಅದು. 52ಕ್ಕೆ 5, 42ಕ್ಕೆ 7, ಒಟ್ಟು 12 ವಿಕೆಟ್ಟುಗಳನ್ನು ಅವರು ಪಡೆದರು. ನಜರ್ ಮಹಮ್ಮದರು ಮೊದಲಿನಿಂದ ಕೊನೆಯವರೆಗೆ ಔಟಾಗದೆ ನಿಂತು 124 ರನ್ನು ಹೊಡೆದರು. ಭಾರತ 106 ಮತ್ತು 182. ಪಾಕಿಸ್ತಾನ ಒಂದು ಸರದಿ ಮತ್ತು 43 ರನ್ನುಗಳಿಂದ ಗೆದ್ದಿತು. ಲಖನೌದಲ್ಲಿ ಮಂಕಡರಾಗಲಿ ಹಜಾರೆಯವರಾಗಲಿ ಆಡಲಿಲ್ಲವೆಂಬುದನ್ನು ಹೇಳದೆ ಎಲ್ಲವನ್ನೂ ಚಾಪೆಯ ತಲೆಗೆ ಕಟ್ಟಿದರೆ ನ್ಯಾಯವಾಗದು. ಆದರೂ ಹದಿನೈದು ದಿನಗಳೊಳಗೆ ಎರಡು ಬಗೆಯ ನೆಲ ಎರಡು ಬಗೆಯ ತೀರ್ಪು ಕೊಟ್ಟುದು ಇತಿಹಾಸದಲ್ಲಿದೆ. ಮುಂಬಯಿಯಲ್ಲಿ ಭಾರತ ಮತ್ತೆ ಗೆದ್ದು ಮಾಲೆಯನ್ನು 2-1ರಿಂದ ತನ್ನದಾಗಿಸಿಕೊಂಡಿತು.

ಆ ಬಳಿಕ ಉಭಯರಿಗೂ ಸೋಲಿನ ಭಯ ಹಿಡಿಯಿತು. ಆ ಮಾಲೆಯ ಕೊನೆಯ ಎರಡು ಪಂದ್ಯಗಳು ಡ್ರಾ. 1954-55ರಲ್ಲಿ ಪಾಕಿಸ್ತಾನದಲ್ಲಿ ಆಡಿದ ಐದಕ್ಕೆ ಐದೂ ಡ್ರಾ. 1960-61ರಲ್ಲಿ ನಮ್ಮಲ್ಲಿ ಆಡಿದ ಐದೂ ಡ್ರಾ. ಎರಡು ಯುದ್ಧಗಳು ಕಳೆದು 1978ರಲ್ಲಿ ಫೈಸಲಾಬಾದಿನಲ್ಲಿ ಮತ್ತೆ ಸೇರಿದಾಗ, ಅದೂ ಡ್ರಾ. ಒಂದರ ಹಿಂದೊಂದು ಹದಿಮೂರು ಪಂದ್ಯಗಳು! ಗೆಲ್ಲುವುದಕ್ಕಿಂತ ಸೋಲದಿರುವುದೇ ಮುಖ್ಯವಾದಾಗ ನೆಲವನ್ನೂ ಹಾಗೆಯೇ ಸಿದ್ಧಪಡಿಸುತ್ತಾರೆ. ಚೆಂಡು ಸತ್ತಂತೆ ಬೀಳುತ್ತದೆ, ದಾಂಡಿಗ ಮೂರು ದಿನ ಬೇಕಾದರೂ ನಿಲ್ಲುತ್ತಾನೆ.

1987ರ ಆರಂಭದಲ್ಲೂ ಅದೇ ಹಾಡು. ಗಡಿಯಲ್ಲಿ ಎರಡೂ ಕಡೆಯ ಸೈನ್ಯ ಸೇರಿದ್ದ ಕಾಲ. ಮದರಾಸಿನ ಮೊದಲ ಟೆಸ್ಟಿನಲ್ಲಿ ಪಾಕಿಸ್ತಾನ 9 ವಿಕೆಟ್ಟಿಗೆ 487, ಭಾರತ 9 ವಿಕೆಟ್ಟಿಗೆ 527. ಎರಡು ಸರದಿ ಮುಗಿಯುವುದರೊಳಗೆ ಕಾಲವೇ ಮುಗಿಯಿತು. ಕಲ್ಕತ್ತದಲ್ಲಿ ನಮ್ಮ ರೋಜರ್ ಬಿನ್ನಿಯವರು 56 ರನ್ನಿಗೆ 6 ವಿಕೆಟ್ಟು ತೆಗೆದು ಸ್ವಲ್ಪ ಜೀವ ತುಂಬಿದರು, ಅದೂ ಡ್ರಾ. ಜಯಪುರದ ಪಂದ್ಯವನ್ನು ನೋಡಲು ಪಾಕಿಸ್ತಾನದ ಅಧ್ಯಕ್ಷ ಜಿಯಾ ಉಲ್ ಹಕ್ಕರೇ ಬಂದರು. ಆಟದ ಹೆಸರಿನಲ್ಲಿ ರಾಜಕೀಯದ ಕಾವನ್ನು ಆರಿಸುವ ಪ್ರಯತ್ನ. ಆ ಪಂದ್ಯದ ಮೊದಲ ಚೆಂಡಿಗೇ ಗವಾಸ್ಕರರು ಇಮ್ರಾನ್ ಖಾನರಿಗೆ ಔಟಾದರು. ಮಳೆಯ ನೀರು ಪಿಚ್ಚಿಗೆ ಹೊಕ್ಕು, ಅದನ್ನು ಒಣಗಿಸಲು ಮರದ ಹೊಟ್ಟು ಹಾಕಿದಾಗ ಪಾಕಿಸ್ತಾನದವರು ಆಕ್ಷೇಪಿಸಿದರು. ನೆಲದ ವಿಷಯ ಅಲ್ಲಿಯೇ ಒಮ್ಮೆ ತಂಟೆಗೆ ಬಂದಿದ್ದಿತು. ಅಹಮದಾಬಾದಿನಲ್ಲಿ ಮಾರ್ಚ್ 7ರಂದು ಗವಾಸ್ಕರರು ಟೆಸ್ಟಿನಲ್ಲಿ 10,000 ರನ್ನು ಮುಟ್ಟಿದ ಜಗತ್ತಿನ ಮೊದಲ ಆಟಗಾರರಾದರು. ಅದೊಂದು ಸಂತೋಷವನ್ನು ಬಿಟ್ಟರೆ ಆ ಪಂದ್ಯದಲ್ಲಿ ನೋಡತಕ್ಕದ್ದು ಹೆಚ್ಚಿರಲಿಲ್ಲ.

ನಾಲ್ಕು ಡ್ರಾ ನೋಡಿ ಜನ ಬೇಸತ್ತಿದ್ದರು. ಭಾರತದ ಬಳಿ ಮೂವರು ಸ್ಪಿನ್ ಬೌಲರುಗಳಿದ್ದರು: ಎಡಗೈಯ ಮಣಿಂದರ್ ಸಿಂಗ್ ಮತ್ತು ರವಿ ಶಾಸ್ತ್ರಿ, ಬಲಗೈಯ ಶಿವಲಾಲ್ ಯಾದವ್. ಇಮ್ರಾನ್ ಖಾನ್, ವಾಸಿಂ ಅಕ್ರಂರಂಥ ವೇಗದ ಬೌಲರುಗಳನ್ನು ಎದುರಿಸಬೇಕಾದ ಪಕ್ಷಕ್ಕೆ ಒಣನೆಲ ಬೇಕೆನಿಸುವುದು ಸ್ವಾಭಾವಿಕ. ಪ್ರಸನ್ನ, ಚಂದ್ರಶೇಖರರ ಊರಿನಲ್ಲಿ ಸ್ಪಿನ್ನಿಗೆ ಒದಗುವ ಪಿಚ್ಚನ್ನು ಯಾರಾದರೂ ತಪ್ಪೆನ್ನುತ್ತಾರೆಯೇ? ಲೆಕ್ಕಾಚಾರ ಸರಿಯಾಗಿಯೇ ಇದ್ದಿತು. ಎದುರಾಳಿಗಳ ಬಳಿಯೂ ಇಬ್ಬರು ಸ್ಪಿನ್ ಬೌಲರುಗಳಿದ್ದಾರೆಂಬುದೊಂದು ಮಾತ್ರ ಲೆಕ್ಕದಿಂದ ಜಾರಿದ್ದಿತು.

ಇಮ್ರಾನರು ಇಲ್ಲಿ ಮಾಡಿದ ಒಂದು ತೀರ್ಮಾನ ಬಲು ಮುಖ್ಯವಾದುದು. ಅಬ್ದುಲ್ ಕಾದಿರರು ಆ ಕಾಲದ ಅತ್ಯಂತ ಹೆಸರುವಾಸಿ ಸ್ಪಿನ್ ಬೌಲರು. ಮಣಿಕಟ್ಟಿನ ತಿರುವಿನಿಂದ ಚೆಂಡನ್ನು ಬುಗುರಿಯಂತೆ ಆಡಿಸಬಲ್ಲವರು. ಅವರನ್ನು ಹೊರಗಿಟ್ಟು, ಎಡಗೈಯ ಇಕ್ಬಾಲ್ ಕಾಸಿಮರನ್ನು ಸೇರಿಸಿಕೊಂಡರು. ಜಾವೇದ್ ಮಿಯಾಂದಾದರು ಇದಕ್ಕಾಗಿ ಒತ್ತಾಯ ಮಾಡಿದರೆಂದು ಹೇಳುತ್ತಾರೆ. ಕಾಸಿಮರ ಚೆಂಡಿನಲ್ಲಿ ಮಾಯೆ ಕಡಿಮೆ, ಶಿಸ್ತು ಹೆಚ್ಚು. ಜೊತೆಗೆ ಬಲಗೈಯ ತೌಸೀಫ್ ಅಹಮದರು ಇದ್ದರು.

ಟಾಸು ಗೆದ್ದ ಇಮ್ರಾನರು ಬ್ಯಾಟು ಮಾಡಲು ನಿರ್ಧರಿಸಿದರು. ಇಂಥ ನೆಲದಲ್ಲಿ ಕೊನೆಯ ಸರದಿ ಆಡುವವರ ಪಾಡು ಕಷ್ಟವಾದುದರಿಂದ ಅದು ಸರಿಯಾದ ನಿರ್ಧಾರವೇ. ಆದರೆ ಮೊದಲ ದಿನವೇ ಪಾಡು ಕಷ್ಟವಾಯಿತು. ಕಪಿಲ್ ದೇವರು ಆರಂಭದಲ್ಲಿ ಎರಡು ವಿಕೆಟ್ಟು ತೆಗೆದರು. ಅನಂತರ ಮಣಿಂದರರು ಚೆಂಡು ಹಿಡಿದರು. 21 ವರ್ಷದ ಹುಡುಗ, ಚೆಂಡಿಗೆ ಗಾಳಿಯಲ್ಲಿ ಒಳ್ಳೆಯ ಬಾಗು, ಬಿದ್ದ ಮೇಲೆ ಒಳ್ಳೆಯ ತಿರುವು. 27 ರನ್ನಿಗೆ 7 ವಿಕೆಟ್ಟು. ಪಾಕಿಸ್ತಾನ 116ಕ್ಕೆ ಮುಗಿಯಿತು. ಟ್ರಾನ್ಸಿಸ್ಟರಿನ ಸುತ್ತ ಸೇರಿದ್ದ ನಮ್ಮ ಬೀದಿಯ ಮಂದಿ ಆ ಮಧ್ಯಾಹ್ನ ಮಾಲೆ ನಮ್ಮದೇ ಎಂದು ತೀರ್ಮಾನಿಸಿಬಿಟ್ಟರು. ಅದರಲ್ಲಿ ನಾನೂ ಒಬ್ಬ.

ಎರಡನೆಯ ದಿನ ಆ ಉಬ್ಬರ ಇಳಿಯಿತು. ದಿಲೀಪ್ ವೆಂಗಸರಕರರು 50 ಹೊಡೆದರು. ಉಳಿದ ಯಾರೂ 21ನ್ನು ದಾಟಲಿಲ್ಲ. ಕಾಸಿಮರಿಗೆ 48ಕ್ಕೆ 5, ತೌಸೀಫರಿಗೆ 54ಕ್ಕೆ 5. ಭಾರತ 145. ಕೈಗೆ ಬಂದ ಮುನ್ನಡೆ 29 ರನ್ನು. 116ಕ್ಕೆ ಔಟಾದ ಎದುರಾಳಿಯ ಮೇಲೆ ನೂರು ರನ್ನಿನ ಮುನ್ನಡೆ ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇಲ್ಲಿ ಬಿಷನ್ ಸಿಂಗ್ ಬೇಡಿಯವರ ವಿಷಯವಾಗಿ ಬಹಳ ಪ್ರಚಾರದಲ್ಲಿರುವ ಒಂದು ಕಥೆ ಬರುತ್ತದೆ. ಪಂದ್ಯದ ನಡುವೆ ಒಂದು ಸಂಜೆ ಪಾಕಿಸ್ತಾನದ ಸ್ಪಿನ್ ಬೌಲರುಗಳು ಅವರನ್ನು ಕಂಡು, ಇಂಥ ಪಿಚ್ಚಿನ ಮೇಲೆ ಹೇಗೆ ಎಸೆಯಬೇಕೆಂದು ಕೇಳಿದರಂತೆ. ನೆಲವೇ ತಿರುಗಿಸುವಾಗ ನೀವು ತಿರುಗಿಸಲು ಹೆಣಗಬೇಡಿ, ಸ್ಥಳ ತಪ್ಪದಂತೆ ನೇರವಾಗಿ ಹಾಕಿ ಎಂಬ ಅರ್ಥ ಬರುವಂತೆ ಬೇಡಿಯವರು ಹೇಳಿದರಂತೆ. ಎದುರು ಪಕ್ಷಕ್ಕೆ ವಿದ್ಯೆ ಹೇಳಿಕೊಟ್ಟರೆಂದು ಅವರನ್ನು ಆಡಿಕೊಂಡವರಿದ್ದಾರೆ. ನನಗೇನೋ ಅದರಲ್ಲಿ ತಪ್ಪು ಕಾಣುವುದಿಲ್ಲ. ಸಂಗೀತಗಾರನೊಬ್ಬ ರಾಗದ ಸೂಕ್ಷ್ಮವನ್ನು ಕೇಳಿದಾಗ ಹಿರಿಯ ವಿದ್ವಾಂಸ ಊರು ಯಾವುದೆಂದು ವಿಚಾರಿಸಿ ಹೇಳುತ್ತಾನೆಯೇ?

ಈ ಮಾತಿನ ಒಳಗಿರುವ ತರ್ಕ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಚೆಂಡು ತಿರುಗುವ ನೆಲದಲ್ಲಿ ಇನ್ನಷ್ಟು ತಿರುಗಿಸಿದರೆ ಒಳ್ಳೆಯದಲ್ಲವೇ? ಅಲ್ಲ. ಒಂದು ಅಡಿ ತಿರುಗಿದ ಚೆಂಡು ಬ್ಯಾಟನ್ನೂ ದಾಟುತ್ತದೆ, ಗೂಟಗಳನ್ನೂ ದಾಟುತ್ತದೆ. ಜನ "ಅಯ್ಯೋ" ಎನ್ನುತ್ತಾರೆ, ದಾಂಡಿಗ ಉಳಿಯುತ್ತಾನೆ. ಎರಡು ಅಂಗುಲ ತಿರುಗಿದ ಚೆಂಡು ಬ್ಯಾಟಿನ ಅಂಚಿಗೆ ಸಿಕ್ಕುತ್ತದೆ. ತಿರುಗುವುದೆಂದು ನಂಬಿ ಆಡಿದಾಗ ತಿರುಗದೆ ಬಂದ ಚೆಂಡು ಗೂಟವನ್ನೇ ಉರುಳಿಸುತ್ತದೆ. ಪಿಚ್ಚು ತನ್ನ ಪಾಲಿನ ಕೆಲಸವನ್ನು ಒಂದೊಂದು ಚೆಂಡಿಗೆ ಒಂದೊಂದು ರೀತಿ ಮಾಡುತ್ತಿರುವಾಗ ಬೌಲರಿಗೆ ಉಳಿಯುವುದು ತಾಳ್ಮೆ ಒಂದೇ. ಏನಾದರೂ ಆಗುವವರೆಗೆ ಅದೇ ಸ್ಥಳಕ್ಕೆ, ಅದೇ ವೇಗದಲ್ಲಿ ಹಾಕುತ್ತಿರಬೇಕು. ವಿಕೆಟ್ಟುಗಳ ಗೊಂಚಲನ್ನು ಒಮ್ಮೆ ಕಂಡವನಿಗೆ ಈ ತಾಳ್ಮೆ ಕಷ್ಟ.

ಪಾಕಿಸ್ತಾನದ ಎರಡನೆಯ ಸರದಿಯಲ್ಲಿ ಅದೇ ಆಯಿತು. ಮೊದಲ ಸರದಿಯಲ್ಲಿ 27 ರನ್ನಿಗೆ 7 ಪಡೆದ ಮಣಿಂದರರು ಈಗ 3 ವಿಕೆಟ್ಟಿಗೆ 99 ರನ್ನು ತೆತ್ತರು. ಶಾಸ್ತ್ರಿಯವರಿಗೆ 69ಕ್ಕೆ 4 ಬಂದುವು. ಚೆಂಡು ಮೊದಲ ದಿನದಂತೆಯೇ ತಿರುಗುತ್ತಿದ್ದಿತು. ಆದರೆ ಒಳ್ಳೆಯ ಐದು ಚೆಂಡುಗಳ ನಡುವೆ ಒಂದು ಸಡಿಲ ಚೆಂಡು ಬೀಳುತ್ತಿದ್ದಿತು. ಪಾಕಿಸ್ತಾನದವರೂ ಉಪಾಯ ಬದಲಿಸಿದರು. ಮಿಯಾಂದಾದರನ್ನು ಆರಂಭಕ್ಕೆ ಕಳುಹಿಸಿದರು, ಬೌಲರಾದ ಕಾಸಿಮರನ್ನು ಮೇಲಿನ ಕ್ರಮಾಂಕಕ್ಕೆ ಏರಿಸಿದರು. ಅವರು 26 ರನ್ನು ಮಾಡಿ ಸಾಕಷ್ಟು ಹೊತ್ತು ನಿಂತರು. ರಮೀಜ್ ರಾಜಾ 47, ಇಮ್ರಾನ್ 39, ಸಲೀಂ ಮಲಿಕ್ 33. ಒಬ್ಬರೂ ಐವತ್ತು ಮುಟ್ಟಲಿಲ್ಲ, ಆದರೆ ಎಲ್ಲರೂ ಒಂದಿಷ್ಟು ಕೂಡಿಹಾಕಿದರು. ಎಂಟು ವಿಕೆಟ್ಟು ಹೋದ ಮೇಲೆ ವಿಕೆಟ್ ಕೀಪರ್ ಸಲೀಂ ಯೂಸುಫರೂ ತೌಸೀಫರೂ ಸೇರಿ 51 ರನ್ನು ಕೂಡಿಸಿದರು. ಪಂದ್ಯ ಕೈ ಬದಲಾದುದು ಇಲ್ಲಿ ಎಂದು ನನ್ನ ನಂಬಿಕೆ. ಕೊನೆಗೆ ಸೋತದ್ದು 16 ರನ್ನಿನಿಂದ. ಬಾಲದಲ್ಲಿ ಬಿಟ್ಟುಕೊಟ್ಟದ್ದು 51. ಯೂಸುಫರು 41 ಮಾಡಿ ಔಟಾಗದೆ ಉಳಿದರು. ಮೊತ್ತ 249.

ಭಾರತಕ್ಕೆ ಬೇಕಾದುದು 221. ಪಂದ್ಯದ ಮೊದಲ ಎರಡು ಸರದಿಗಳಲ್ಲಿ ಯಾರೂ 145ನ್ನು ದಾಟದ ನೆಲ. ಅಕ್ರಂರು 15 ರನ್ನು ಆಗಿದ್ದಾಗಲೇ ಶ್ರೀಕಾಂತರನ್ನೂ ಮೊಹಿಂದರ್ ಅಮರನಾಥರನ್ನೂ ಕಳುಹಿಸಿದರು. ವೆಂಗಸರಕರರು 19 ಮಾಡಿ ತೌಸೀಫರಿಗೆ ಬೌಲ್ಡ್ ಆದರು. ಮೂರನೆಯ ದಿನದ ಸಂಜೆ 4 ವಿಕೆಟ್ಟಿಗೆ 99. ಮರುದಿನ ವಿಶ್ರಾಂತಿ. ಅಂದಿನ ಟೆಸ್ಟ್ ಪಂದ್ಯಗಳಲ್ಲಿ ನಡುವೆ ಒಂದು ದಿನ ಬಿಡುವಿರುತ್ತಿತ್ತೆಂಬುದನ್ನು ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ. ಆ ಒಂದು ದಿನ ಊರಿಗೆ ಊರೇ ಉಸಿರು ಬಿಗಿಹಿಡಿದು 122ರ ಲೆಕ್ಕ ಹಾಕಿತು. ಕಚೇರಿಗಳಲ್ಲಿ, ಹೋಟೆಲುಗಳಲ್ಲಿ, ಬಸ್ಸಿಗೆ ಕಾಯುವ ಸಾಲಿನಲ್ಲಿ, ಒಂದೇ ಪ್ರಶ್ನೆ: ಗವಾಸ್ಕರರು ಇದ್ದಾರಲ್ಲ?

ಮಾರ್ಚ್ 17, ಮಂಗಳವಾರ. ಗವಾಸ್ಕರರಿಗೆ ಆಗ 37 ವರ್ಷ. ಅವರು ಅಂದು ಆಡಿದ ಆಟವನ್ನು ಕಂಡವರು ವರ್ಣಿಸುವ ರೀತಿಯಲ್ಲಿ ಒಂದು ಸಮಾನವಾದ ಅಂಶವಿದೆ: ಅವರು ಚೆಂಡಿನೊಡನೆ ಜಗಳವಾಡಲಿಲ್ಲ. ಕೈಯನ್ನು ಸಡಿಲವಾಗಿ ಹಿಡಿದು, ಚೆಂಡು ಬಿದ್ದು ತಿರುಗಿದ ಮೇಲೆಯೇ, ಕಣ್ಣಿನ ಕೆಳಗೆ, ಸಾಧ್ಯವಾದಷ್ಟು ತಡವಾಗಿ ಆಡುತ್ತಿದ್ದರು. ನೆಗೆದ ಚೆಂಡು ಬ್ಯಾಟಿಗೆ ತಗುಲಿದರೆ ಹತ್ತಿರ ನಿಂತವರ ಕೈಗೆ ಹಾರದೆ ಕಾಲ ಬುಡದಲ್ಲೇ ಬೀಳುತ್ತಿತ್ತು. ತಿರುಗಿ ದಾಟಿಹೋದ ಚೆಂಡನ್ನು ಹಿಂಬಾಲಿಸುತ್ತಿರಲಿಲ್ಲ. ಅದು ಕಳೆದುಹೋಯಿತು, ಮುಂದಿನದು ಬರಲಿ ಎಂಬ ಭಾವ. ಕಾಸಿಂ, ತೌಸೀಫರು ತಾಳ್ಮೆಯಿಂದ ಕೇಳಿದ ಪ್ರಶ್ನೆಗೆ ಅಷ್ಟೇ ತಾಳ್ಮೆಯಿಂದ ಉತ್ತರ ಕೊಟ್ಟ ಒಬ್ಬನೇ ದಾಂಡಿಗ ಎಂದರೆ ತಪ್ಪಾಗದು.

ಇನ್ನೊಂದು ತುದಿಯಲ್ಲಿ ನೆಲ ತನ್ನ ಕೆಲಸ ನಡೆಸಿತು. ಅಜರುದ್ದೀನರು 26 ಮಾಡಿ ಕಾಸಿಮರ ಕೈಗೇ ಕ್ಯಾಚು ಕೊಟ್ಟರು. ಶಾಸ್ತ್ರಿಯವರೂ ಕಾಸಿಮರ ಕೈಗೇ. ಒಬ್ಬ ಬೌಲರಿಗೆ ಒಂದೇ ಸರದಿಯಲ್ಲಿ ಎರಡು ಬಾರಿ ಕ್ಯಾಚು ಮರಳಿತೆಂದರೆ, ಚೆಂಡು ನೆಲಕ್ಕೆ ಬಿದ್ದು ಒಂದು ಕ್ಷಣ ತಡೆದು ಬರುತ್ತಿತ್ತೆಂದು ತಿಳಿಯಬೇಕು. ದಾಂಡಿಗನ ಹೊಡೆತ ಅದಕ್ಕಿಂತ ಮುಂಚೆ ಮುಗಿದುಹೋಗುತ್ತದೆ. ಕಪಿಲ್ ದೇವರು 2 ರನ್ನಿಗೆ ಬೌಲ್ಡ್. 7 ವಿಕೆಟ್ಟಿಗೆ 161.

ಅಂಕಪಟ್ಟಿಯ ಒಂದು ಮೂಲೆಯನ್ನು ಇಲ್ಲಿ ನೋಡಬೇಕು. ಆ ಸರದಿಯಲ್ಲಿ ಇತರೆ ರನ್ನುಗಳು 28. ಅದರಲ್ಲಿ 22 ಬೈ. ಎಂದರೆ ಬ್ಯಾಟಿಗೂ ಸಿಗದೆ, ಗೂಟಕ್ಕೂ ತಗುಲದೆ, ವಿಕೆಟ್ ಕೀಪರನ ಕೈಗೂ ಸಿಗದೆ ಚೆಂಡು ಹಿಂದಕ್ಕೆ ಹೋಗಿ ಬಂದ ರನ್ನುಗಳು. ಹಿಂದಿನ ಸರದಿಯ ವೀರ ಯೂಸುಫರು ಅಂದು ಗೂಟಗಳ ಹಿಂದೆ ಪಟ್ಟ ಪಾಡು ಊಹಿಸಬಹುದು. ಗವಾಸ್ಕರರನ್ನು ಬಿಟ್ಟರೆ ಭಾರತದ ಪರವಾಗಿ ಆ ಸರದಿಯಲ್ಲಿ ಅತಿ ಹೆಚ್ಚು ರನ್ನು ಮಾಡಿದುದು ಈ "ಇತರೆ"; ಅಜರುದ್ದೀನರ 26 ಅದರ ನಂತರ. ಆ ಪಿಚ್ಚಿನ ವಿಷಯವಾಗಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಇಮ್ರಾನರ ಇನ್ನೊಂದು ಜಾಣತನವೂ ಅದೇ ಪಟ್ಟಿಯಲ್ಲಿದೆ. ಜಗತ್ತಿನ ಶ್ರೇಷ್ಠ ವೇಗದ ಬೌಲರುಗಳಲ್ಲಿ ಒಬ್ಬರಾದ ಅವರು ಈ ಸರದಿಯಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಅಕ್ರಂರಿಗೆ 11 ಓವರು. ಉಳಿದ 82 ಓವರುಗಳಿಗೂ ಹೆಚ್ಚು ಕಾಸಿಂ ಮತ್ತು ತೌಸೀಫರದು. ನಾಯಕನಾದವನಿಗೆ, ಅದರಲ್ಲೂ ಮಾಲೆಯ ಕೀರ್ತಿ ಕೈಯಳತೆಯಲ್ಲಿರುವಾಗ, ಚೆಂಡನ್ನು ತಾನು ಮುಟ್ಟದೆ ಇನ್ನೊಬ್ಬರಿಗೆ ಕೊಡುವುದು ಸುಲಭವಲ್ಲ.

ಮೊತ್ತ 180 ಆಗಿದ್ದಾಗ ಕಾಸಿಮರ ಒಂದು ಚೆಂಡು ಒಳ್ಳೆಯ ಅಳತೆಯಲ್ಲಿ ಬಿದ್ದು, ತಿರುಗಿ, ನೆಗೆಯಿತು. ಸ್ಲಿಪ್ಪಿನಲ್ಲಿದ್ದ ರಿಜ್ವಾನ್ ಉಜ್ ಜಮಾನರು ಕ್ಯಾಚು ಹಿಡಿದರು. ಗವಾಸ್ಕರರು 96. ಐದು ಗಂಟೆಗೂ ಮೀರಿದ ಆಟ. ಅವರ ಟೆಸ್ಟ್ ಶತಕಗಳು 34ರಲ್ಲೇ ನಿಂತುವು. ಅದು ಅವರ ಕೊನೆಯ ಟೆಸ್ಟ್ ಸರದಿಯೆಂದು ಅಂದು ನಮಗಾರಿಗೂ ತಿಳಿದಿರಲಿಲ್ಲ. ನಮ್ಮ ಮನೆಯ ರೇಡಿಯೋದಲ್ಲಿ ಒಂದು ಕ್ಷಣ ಮೈದಾನದ ಸದ್ದೇ ನಿಂತಂತಾಗಿ, ಅನಂತರ ಚಪ್ಪಾಳೆ ಕೇಳಿಬಂದಿತು. ನಿಲಯವೇ ಹೋಯಿತೇನೋ ಎಂದು ನಾನು ಗುಂಡಿ ತಿರುಗಿಸಲು ಕೈ ಚಾಚಿದ್ದೆ.

ಇನ್ನೂ 41 ಬೇಕು, ಎರಡು ವಿಕೆಟ್ಟು ಬಾಕಿ. ಯಾದವರು 4 ರನ್ನಿಗೆ ಹೋದರು. ಬೆಂಗಳೂರಿನ ಬಿನ್ನಿಯವರೂ ಮಣಿಂದರರೂ ಉಳಿದರು. ಆರು ತಿಂಗಳ ಹಿಂದೆ, 1986ರ ಸೆಪ್ಟೆಂಬರಿನಲ್ಲಿ, ಮದರಾಸಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಗೆಲುವಿಗೆ ಒಂದೇ ರನ್ನು ಬೇಕಾಗಿದ್ದಾಗ ಕೊನೆಯ ವಿಕೆಟ್ಟಾಗಿ ಔಟಾಗಿ ಪಂದ್ಯ ಸಮವಾದುದು ಇದೇ ಮಣಿಂದರರಿಂದ. ಅದು ಎಲ್ಲರ ಮನಸ್ಸಿನಲ್ಲಿದ್ದಿತು. ಆದರೆ ಈ ಬಾರಿ ಅವರು 2 ರನ್ನು ಮಾಡಿ ಔಟಾಗದೆ ಉಳಿದರು. ಒಂದೊಂದಾಗಿ 19 ರನ್ನು ಬಂದುವು. 204 ಆಗಿದ್ದಾಗ ತೌಸೀಫರ ಚೆಂಡಿಗೆ ಬಿನ್ನಿಯವರು ಯೂಸುಫರಿಗೆ ಕ್ಯಾಚು ಕೊಟ್ಟರು. ತೌಸೀಫರಿಗೂ ಕಾಸಿಮರಿಗೂ ಎರಡು ಸರದಿ ಸೇರಿ ಒಂಬತ್ತೊಂಬತ್ತು ವಿಕೆಟ್ಟು. ಇಡೀ ಪಂದ್ಯದಲ್ಲಿ ಐವತ್ತು ಮುಟ್ಟಿದ ಇಬ್ಬರೂ ಸೋತ ಪಕ್ಷದವರು.

ಬಿನ್ನಿಯವರ ವಿಷಯದಲ್ಲಿ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಅವರು ಮೊದಲ ಟೆಸ್ಟನ್ನು ಆಡಿದುದು 1979ರ ನವೆಂಬರಿನಲ್ಲಿ, ಇದೇ ಮೈದಾನದಲ್ಲಿ, ಇದೇ ಪಾಕಿಸ್ತಾನದ ವಿರುದ್ಧ. 1983ರಲ್ಲಿ ಇದೇ ಮೈದಾನದಲ್ಲಿ ಇದೇ ಎದುರಾಳಿಯ ಮೇಲೆ ಔಟಾಗದೆ 83 ಮಾಡಿದರು. 1987ರ ಆ ಪಂದ್ಯವೇ ಅವರ ಕೊನೆಯ ಟೆಸ್ಟು. ಮನೆಯಂಗಳದಲ್ಲಿ ಪ್ರಾರಂಭವಾದುದು ಮನೆಯಂಗಳದಲ್ಲೇ ಮುಗಿಯಿತು. ವೇಗ ಮಧ್ಯಮದ ಬೌಲರಾದ ಅವರಿಗೆ ಆ ನೆಲ ಕೆಲಸವನ್ನೇ ಕೊಡಲಿಲ್ಲ.

ಅಂಥ ಪಿಚ್ಚು ಕೆಟ್ಟದೇ? ಅಂದಿನಿಂದ ಇದು ವಾದದ ವಿಷಯ. ಮೊದಲ ದಿನವೇ ಧೂಳೇಳುವ ನೆಲ ಟೆಸ್ಟಿಗೆ ಯೋಗ್ಯವಲ್ಲ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಆ ಮಾಲೆಯ ಐದು ಪಂದ್ಯಗಳಲ್ಲಿ ಇಂದಿಗೂ ಜನ ಚೆಂಡು ಚೆಂಡಾಗಿ ನೆನೆಯುವುದು ಅದೊಂದನ್ನೇ. 527 ರನ್ನು ಬಂದ ಮದರಾಸಿನ ಪಿಚ್ಚನ್ನು ಯಾರು ನೆನೆಯುತ್ತಾರೆ? ಇದೇ ಚಿನ್ನಸ್ವಾಮಿ ಮೈದಾನದಲ್ಲಿ 2005ರಲ್ಲಿ ಯೂನಿಸ್ ಖಾನರು 267 ಹೊಡೆದು, ಪಾಕಿಸ್ತಾನ 570 ಮಾಡಿ, 168 ರನ್ನುಗಳಿಂದ ಗೆದ್ದುದೂ ಉಂಟು. ಊರು ಒಂದೇ ಆದರೂ ನೆಲದ ಸ್ವಭಾವ ವರ್ಷದಿಂದ ವರ್ಷಕ್ಕೆ ಬೇರೆ.

ಕಾಸಿಮರ ಪಾಠಕ್ಕೆ ಪ್ರತ್ಯುತ್ತರ ಬರಲು ಹನ್ನೆರಡು ವರ್ಷ ಹಿಡಿಯಿತು, ಬಂದುದು ಬೆಂಗಳೂರಿನಿಂದಲೇ. 1999ರ ಜನವರಿಯಲ್ಲಿ, ಪಾಕಿಸ್ತಾನದ ತಂಡ ಬರುವುದನ್ನು ವಿರೋಧಿಸಿದ ಕೆಲವರು ದೆಹಲಿಯ ಕೋಟ್ಲಾ ಮೈದಾನಕ್ಕೆ ನುಗ್ಗಿ ಪಿಚ್ಚನ್ನೇ ಅಗೆದುಹಾಕಿದರು. ವೈರಕ್ಕೆ ಮನುಷ್ಯರು ಸಿಗದೆ ನೆಲ ಸಿಕ್ಕಿತು. ದೆಹಲಿಯ ಪಂದ್ಯ ಮೊದಲಿದ್ದುದನ್ನು ಎರಡನೆಯದಾಗಿ ಮಾಡಿ, ಚೆನ್ನೈಯಲ್ಲಿ ಮೊದಲು ಆಡಿಸಿದರು. ಅಲ್ಲಿ ಪಾಕಿಸ್ತಾನ 12 ರನ್ನುಗಳಿಂದ ಗೆದ್ದಿತು. ದೆಹಲಿಯಲ್ಲಿ ತರಾತುರಿಯಿಂದ ಮತ್ತೆ ಕಟ್ಟಿದ ನೆಲದ ಮೇಲೆ ಎತ್ತರ ನಂಬುವಂತಿರಲಿಲ್ಲ. ಪಾಕಿಸ್ತಾನಕ್ಕೆ ಗೆಲ್ಲಲು 420 ಬೇಕು. ಸಯೀದ್ ಅನ್ವರ್ ಮತ್ತು ಶಾಹಿದ್ ಅಫ್ರಿದಿ ವಿಕೆಟ್ಟಿಲ್ಲದೆ 101 ಕೂಡಿಸಿದರು. ಆಗ ಅನಿಲ್ ಕುಂಬ್ಳೆಯವರು ಪ್ರಾರಂಭಿಸಿದರು.

ಕುಂಬ್ಳೆಯವರ ಚೆಂಡು ಹೆಚ್ಚು ತಿರುಗುವುದಿಲ್ಲ ಎಂಬುದು ಅವರ ಮೇಲಿದ್ದ ಹಳೆಯ ಟೀಕೆ. ಅವರದು ನೇರ, ಚುರುಕು, ಸ್ಥಳ ತಪ್ಪದ ಚೆಂಡು. ಉಳಿದುದನ್ನು ನೆಲ ನೋಡಿಕೊಳ್ಳಲಿ ಎಂಬ ಧೋರಣೆ. ಎತ್ತರ ತಪ್ಪುವ ಪಿಚ್ಚಿಗೆ ಬೇಕಾದುದು ಅದೇ. 26.3 ಓವರುಗಳಲ್ಲಿ 74 ರನ್ನಿಗೆ ಹತ್ತಕ್ಕೆ ಹತ್ತೂ ವಿಕೆಟ್ಟು. ಒಂಬತ್ತಾದ ಮೇಲೆ ಇನ್ನೊಂದು ತುದಿಯಿಂದ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥರು, ವಿಕೆಟ್ಟು ತಮಗೆ ಬಿದ್ದುಬಿಟ್ಟೀತೆಂದು, ಚೆಂಡನ್ನು ಗೂಟಗಳಿಂದ ಆದಷ್ಟು ದೂರವಾಗಿ ಎಸೆದರು. ಪಾಕಿಸ್ತಾನ 207. ಭಾರತ 212 ರನ್ನುಗಳಿಂದ ಗೆದ್ದಿತು. ಹತ್ತನೆಯವರಾಗಿ, ಹತ್ತಿರ ನಿಂತಿದ್ದ ಲಕ್ಷ್ಮಣರ ಕೈಗೆ ಕ್ಯಾಚು ಕೊಟ್ಟು ಹೊರಟವರು ಆ ಪಕ್ಷದ ನಾಯಕ ವಾಸಿಂ ಅಕ್ರಂ. ಬೆಂಗಳೂರಿನ ಆ ಮಾರ್ಚಿನಲ್ಲಿ ಶ್ರೀಕಾಂತರನ್ನೂ ಅಮರನಾಥರನ್ನೂ ಕಳುಹಿಸಿದ ಎಳೆಯ ಬೌಲರು ಅವರೇ. ಎದುರು ಪಕ್ಷದ ನಾಯಕರಾಗಿ ಅಂದು ಮೈದಾನದಲ್ಲಿದ್ದವರು, ಕಾಸಿಮರ ಕೈಗೇ ಕ್ಯಾಚು ಕೊಟ್ಟಿದ್ದ ಅಜರುದ್ದೀನರು.